ಕಟ್ಟಿದ ವೇಷ, ಬಿಚ್ಚಿದ ಮನಸ್ಸು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಸಂಜೆ ನಡೆದ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ವೇಷ, ಕುಣಿತ ಮತ್ತು ಕಲಾವಿದನ ಸ್ವಾತಂತ್ರ್ಯ’. ಕೊಟ್ಟ ಸಮಯ ಇಪ್ಪತ್ತೈದು ನಿಮಿಷ. ಎಂಟು ಗಂಟೆಗೆ ಮಕ್ಕಳ ಆಟ ಇದೆ. ಚೌಕಿಯಲ್ಲಿ ಈಗಾಗಲೇ ಬಣ್ಣ ಶುರುವಾಗಿದೆ. ಆಟಕ್ಕಾಗಿ ಬಂದವರನ್ನು ಭಾಷಣಕ್ಕಾಗಿ ಕೂರಿಸಿಕೊಳ್ಳುವುದು ಪಾಪದ ಕೆಲಸ ಎಂದು ನನಗೂ ಗೊತ್ತು. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊದಲು ಒಂದು ಪ್ರಶ್ನೆ. ಬಟ್ಟೆಯೂ ಚಲನೆಯೂ ಕಲಾವಿದನನ್ನು ಬಿಡುಗಡೆ ಮಾಡುತ್ತವೆ ಎಂದು ದೊಡ್ಡವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ನಮ್ಮ ಯಕ್ಷಗಾನದ ವೇಷವನ್ನು ನೋಡಿ. ಅದರಲ್ಲಿ ಬಿಡುಗಡೆ ಎಲ್ಲಿದೆ? ತಲೆಯಿಂದ ಕಾಲಿನವರೆಗೆ ಬರೀ ಕಟ್ಟುಗಳೇ. ಎದೆಕಟ್ಟು, ತೋಳುಕಟ್ಟು, ಕೈಕಟ್ಟು ಎಂದು ಹೆಸರುಗಳಲ್ಲೇ ಕಟ್ಟು ಇದೆ. ಹುರಿ ಎಳೆದು ಬಿಗಿದು, ಉಸಿರು ಹಿಡಿಯುವಷ್ಟು ಕಟ್ಟಿ, ಮೇಲಿಂದ ಕಿರೀಟವನ್ನೋ ಮುಂಡಾಸನ್ನೋ ಏರಿಸುತ್ತಾರೆ. ನಮ್ಮ ಭಾಷೆಯಲ್ಲಿ ‘ವೇಷ ಹಾಕುವುದು’ ಎನ್ನುವಂತೆ ‘ವೇಷ ಕಟ್ಟುವುದು’ ಎಂಬ ಮಾತೂ ಇದೆ. ಹೀಗೆ ಕಟ್ಟಿಸಿಕೊಂಡ ಮನುಷ್ಯ ಸ್ವತಂತ್ರನಾಗುವುದು ಹೇಗೆ? ಇವತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವುದಷ್ಟೇ.

ಚೌಕಿಗೆ ಹೋಗಿ ನೋಡೋಣ. ನಮ್ಮ ಕಡೆಯ ಬಡಗುತಿಟ್ಟಿನ ಒಂದು ಪುರುಷವೇಷ ಸಿದ್ಧವಾಗುವುದಕ್ಕೆ ಒಂದೆರಡು ಗಂಟೆ ಬೇಕು. ಕಲಾವಿದ ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ. ಇದು ಯಕ್ಷಗಾನದ ಒಂದು ದೊಡ್ಡ ಗುಣ. ಬೇರೆ ಯಾರೋ ಬಂದು ಮುಖ ಬರೆದು ಹೋಗುವುದಿಲ್ಲ. ಹಿಂದೆ ಅರದಾಳ, ಇಂಗಳೀಕ, ಕಾಡಿಗೆಗಳನ್ನು ಅರೆದು ಬಣ್ಣ ಮಾಡಿಕೊಳ್ಳುತ್ತಿದ್ದರು. ಈಗ ಡಬ್ಬಿಯ ಬಣ್ಣ ಬಂದಿದೆ. ಆದರೆ ಕೈಗನ್ನಡಿ ಹಿಡಿದು ಕೂತು, ಹುಬ್ಬಿನ ಗೆರೆಯನ್ನು ಒಂದು ಕೂದಲಿನಷ್ಟು ಮೇಲೆ ಎಳೆಯಲೋ ಕೆಳಗೆ ಎಳೆಯಲೋ ಎಂದು ಯೋಚಿಸುವ ಆ ಹೊತ್ತು ಬದಲಾಗಿಲ್ಲ. ಆ ಗೆರೆಯ ಜೊತೆಗೇ ಪಾತ್ರ ಯಾರು, ಅವನ ಸ್ವಭಾವ ಏನು ಎಂಬ ತೀರ್ಮಾನವೂ ಆಗುತ್ತದೆ.

ಆಮೇಲೆ ಇಜಾರು, ಗೆಜ್ಜೆ, ದಗಲೆ. ಸೊಂಟಕ್ಕೆ ಕೆಂಪು, ಹಳದಿ, ಕಪ್ಪು ಚೌಕುಳಿಯ ಕಸೆ ಸೀರೆ. ಅದರ ಮೇಲೆ ಡಾಬು. ಎದೆಗೆ ಎದೆಕಟ್ಟು, ಹೆಗಲಿಗೆ ಭುಜಕೀರ್ತಿ. ಈ ಆಭರಣಗಳೆಲ್ಲ ಚಿನ್ನವಲ್ಲ, ಹಗುರ ಮರದಲ್ಲಿ ಕೆತ್ತಿ, ಮೇಲೆ ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸಿದವು. ಕೊನೆಗೆ ತಲೆ. ಬಟ್ಟೆಯನ್ನು ಸುತ್ತಿ ಸುತ್ತಿ, ಹುರಿಯಿಂದ ಬಿಗಿದು, ತಾವರೆ ಮೊಗ್ಗಿನ ಆಕಾರಕ್ಕೆ ತರುವ ಆ ಮುಂಡಾಸು ಪ್ರತಿ ಆಟಕ್ಕೂ ಹೊಸದಾಗಿ ಕಟ್ಟುವಂಥದ್ದು. ಅದನ್ನು ಕಟ್ಟುವುದೇ ಒಂದು ವಿದ್ಯೆ.

ಈಗ ಈ ಎಲ್ಲ ಕಟ್ಟುಗಳು ಮೈಗೆ ಏನು ಮಾಡುತ್ತವೆ ನೋಡಿ. ತಲೆಯ ಮೇಲೆ ಭಾರ ಇರುವುದರಿಂದ ಕುತ್ತಿಗೆಯನ್ನು ಹೇಗೆ ಬೇಕೋ ಹಾಗೆ ಹೊರಳಿಸಲು ಆಗುವುದಿಲ್ಲ. ಪಕ್ಕಕ್ಕೆ ನೋಡಬೇಕಾದರೆ ಎದೆ ಸಮೇತ ತಿರುಗಬೇಕು. ಹೆಗಲಿನ ಮೇಲೆ ಭುಜಕೀರ್ತಿ ಇರುವುದರಿಂದ ತೋಳು ಮೈಗೆ ಅಂಟಿಕೊಳ್ಳುವುದಿಲ್ಲ. ಅದು ದೂರಕ್ಕೆ, ಅಗಲಕ್ಕೆ ಚಾಚಿಯೇ ಇರಬೇಕು. ಕಸೆ ಕಟ್ಟಿದ ಮೇಲೆ ಕಾಲು ಜೋಡಿಸಿ ನಿಲ್ಲುವ ಮಾತೇ ಇಲ್ಲ. ಮಂಡಿ ಬಾಗಿಸಿ, ಕಾಲು ಅಗಲಿಸಿ, ನೆಲ ಕಚ್ಚಿ ನಿಲ್ಲಬೇಕು. ಇನ್ನು ಗೆಜ್ಜೆ. ಅದು ಸುಳ್ಳು ಹೇಳುವುದಿಲ್ಲ. ಹೆಜ್ಜೆ ತಾಳ ತಪ್ಪಿದರೆ ಮೊದಲು ದೂರು ಕೊಡುವುದೇ ಅದು.

ಎದೆ ಸಮೇತ ತಿರುಗುವವನು, ತೋಳು ಅಗಲಿಸಿ ನಡೆಯುವವನು, ನೆಲ ಕಚ್ಚಿ ನಿಲ್ಲುವವನು ಯಾರು? ಅರಸ. ರಾಜಗಾಂಭೀರ್ಯ ಎಂದು ನಾವು ಯಾವುದನ್ನು ಹೇಳುತ್ತೇವೋ ಅದರ ಅರ್ಧ ಪಾಠವನ್ನು ವೇಷವೇ ಕಲಿಸಿಬಿಡುತ್ತದೆ. ರಾಜನ ಹಾಗೆ ನಡೆ ಎಂದು ಯಾರೂ ಬಾಯಲ್ಲಿ ಹೇಳಬೇಕಾಗಿಲ್ಲ. ಬೇರೆ ರೀತಿ ನಡೆಯಲು ಅದು ಬಿಡುವುದೇ ಇಲ್ಲ. ಗದ್ದೆಯಲ್ಲಿ, ಹತ್ತಾರು ಅಡಿ ದೂರದಲ್ಲಿ, ದೀವಟಿಗೆಯ ಬೆಳಕಿನಲ್ಲಿ ಕಾಣಬೇಕಾದ ಕಲೆ ಇದು. ಮನುಷ್ಯನ ಆಕಾರ ದೊಡ್ಡದಾಗಬೇಕು, ಮಿಣುಕು ಬೆಳಕನ್ನು ಕನ್ನಡಿ ಚೂರು ಹಿಡಿದು ಎಸೆಯಬೇಕು. ಆ ಕಾರಣಕ್ಕೆ ಹುಟ್ಟಿದ ಉಡುಗೆ ಕುಣಿತಕ್ಕೂ ಒಂದು ಅಚ್ಚು ಕೊಟ್ಟಿತು.

ಘಟ್ಟದ ಕೆಳಗೆ ದಕ್ಷಿಣಕ್ಕೆ ಹೋದರೆ ತೆಂಕುತಿಟ್ಟು. ಅಲ್ಲಿನ ಬಣ್ಣದ ವೇಷದಲ್ಲಿ ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಚುಟ್ಟಿ ಇಡುತ್ತಾರೆ. ಹಲವು ಗಂಟೆಗಳ ಕೆಲಸ. ಅದು ಒಣಗಿದ ಮೇಲೆ ಮುಖ ಎನ್ನುವುದೇ ಮುಚ್ಚಿಹೋಗುತ್ತದೆ. ನಗು, ಅಳು ಎರಡೂ ಕೆನ್ನೆಯಲ್ಲಿ ಕಾಣುವುದಿಲ್ಲ. ಆಗ ಉಳಿದದ್ದು ಕಣ್ಣು, ದನಿ, ಇಡೀ ಮೈ. ಒಂದು ಬಾಗಿಲು ಮುಚ್ಚಿದ್ದರಿಂದ ಬೇರೆ ಮೂರು ಬಾಗಿಲು ತೆರೆಯಬೇಕಾಯಿತು. ಒಡ್ಡೋಲಗದಲ್ಲಿ ರಾಕ್ಷಸ ತೆರೆ ಸರಿಸಿ ಬರುವಾಗ ಮಕ್ಕಳು ಅಜ್ಜಿಯ ಸೆರಗಿಗೆ ಮುಖ ಮುಚ್ಚಿಕೊಳ್ಳುತ್ತಿದ್ದದ್ದು ಈ ಮೂರು ಬಾಗಿಲುಗಳಿಂದ ಬಂದ ಶಕ್ತಿಗೆ.

ಹಾಗಾದರೆ ಸ್ವಾತಂತ್ರ್ಯ ಎಲ್ಲಿದೆ? ಈಗ ಅಲ್ಲಿಗೆ ಬರುತ್ತೇನೆ.

ಯಕ್ಷಗಾನ ಪ್ರಸಂಗದ ಪುಸ್ತಕ ತೆರೆದರೆ ಅದರಲ್ಲಿ ಪದ್ಯಗಳು ಮಾತ್ರ ಇರುತ್ತವೆ. ಮಾತು ಇರುವುದಿಲ್ಲ. ಪದ್ಯ ಭಾಗವತರದ್ದು, ತಾಳ ಅವರದ್ದು. ಏಕ, ರೂಪಕ, ಝಂಪೆ, ಅಷ್ಟ, ತ್ರಿವುಡೆ ಎಲ್ಲಕ್ಕೂ ಲೆಕ್ಕ ಇದೆ, ಅಲ್ಲಿ ಜಗಳವಾಡುವ ಹಾಗಿಲ್ಲ. ಆದರೆ ಪದ್ಯ ಮುಗಿದು ಚಂಡೆ, ಮದ್ದಳೆ ಬಿಡ್ತಿಗೆ ಹೊಡೆದು ನಿಂತ ಮರುಕ್ಷಣ ರಂಗಸ್ಥಳ ಪಾತ್ರಧಾರಿಯದ್ದು. ಅವನು ಆಡುವ ಅರ್ಥ ಎಲ್ಲಿಯೂ ಬರೆದಿಟ್ಟದ್ದಲ್ಲ. ನಿನ್ನೆ ಆಡಿದ್ದನ್ನು ಇವತ್ತು ಆಡಬೇಕಿಲ್ಲ. ಎದುರಿನ ವೇಷ ಹೊಸ ಪ್ರಶ್ನೆ ಎತ್ತಿದರೆ ಅಲ್ಲಿಯೇ ಉತ್ತರ ಹುಟ್ಟಬೇಕು. ಜಗತ್ತಿನ ಎಷ್ಟು ರಂಗಭೂಮಿಗಳು ತಮ್ಮ ನಟನಿಗೆ ಪ್ರತಿ ರಾತ್ರಿ ಇಷ್ಟು ಹೊಣೆ ಕೊಡುತ್ತವೆ?

ಆ ಮಾತು ಯಾವಾಗ ಹುಟ್ಟುತ್ತದೆ ಎಂಬುದನ್ನು ಗಮನಿಸಿ. ಕುಣಿದ ಮೇಲೆ. ಪದ್ಯಕ್ಕೆ ಕುಣಿದು, ರಕ್ತ ಬಿಸಿಯಾಗಿ, ಉಸಿರು ಒಂದು ಲಯಕ್ಕೆ ಬಂದು, ಕಾಲಿನ ಗೆಜ್ಜೆ ಇನ್ನೂ ಸಣ್ಣಗೆ ಅದುರುತ್ತಿರುವಾಗ ಮಾತು ಬರುತ್ತದೆ. ಕುರ್ಚಿಯಲ್ಲಿ ಕೂತು ಯೋಚಿಸಿದ ಮಾತಿಗೂ ಇದಕ್ಕೂ ಬಣ್ಣವೇ ಬೇರೆ. ನಮ್ಮೂರ ಗದ್ದೆಯಲ್ಲಿ ನಾನು ನೋಡಿದ ಎಷ್ಟೋ ಕಲಾವಿದರು ಹಗಲಿನಲ್ಲಿ ಅಡಿಕೆ ಕೊನೆ ಕೊಯ್ಯುವವರು, ಹೋಟೆಲಿನಲ್ಲಿ ದೋಸೆ ಹೊಯ್ಯುವವರು, ಇನ್ನೊಬ್ಬರ ಅಂಗಳದಲ್ಲಿ ಜಗಲಿ ಹತ್ತದೆ ನಿಂತು ಮಾತಾಡುವವರು. ಅವರೇ ರಾತ್ರಿ ಕೌರವನಾಗಿ ನಿಂತು ನ್ಯಾಯ, ಅನ್ಯಾಯ ಕೇಳುವಾಗ ಹಗಲಿನ ಧಣಿಗಳು ಚಾಪೆಯ ಮೇಲೆ ಕೂತು ತಲೆ ಎತ್ತಿ ಕೇಳುತ್ತಿದ್ದರು. ವೇಷ ಅವರನ್ನು ಯಾವುದರಿಂದ ಬಿಡಿಸಿತು? ಕೈಕಾಲಿನ ಕಟ್ಟಿನಿಂದ ಅಲ್ಲ. ತಾನು ಇಂಥವನ ಮಗ, ತನ್ನ ದನಿ ಇಷ್ಟೇ ಇರಬೇಕು, ತನ್ನ ಕಣ್ಣು ಇಷ್ಟೇ ಮೇಲೇಳಬೇಕು ಎಂದು ಊರು ಹಾಕಿದ ಕಟ್ಟಿನಿಂದ. ಹುರಿಯ ಕಟ್ಟು ಕಣ್ಣಿಗೆ ಕಾಣುತ್ತದೆ, ಬೆಳಗ್ಗೆ ಬಿಚ್ಚಬಹುದು. ಆ ಇನ್ನೊಂದು ಕಟ್ಟು ಕಣ್ಣಿಗೆ ಕಾಣದು.

ಬೆಳಗ್ಗೆ ಬಣ್ಣ ತೊಳೆದ ಮೇಲೆ ಅವರು ಮತ್ತೆ ಜಗಲಿಯ ಕೆಳಗೇ ನಿಲ್ಲುತ್ತಿದ್ದರು ಎಂಬುದೂ ನಿಜ. ವೇಷ ಒಂದೇ ಊರನ್ನು ಬದಲಿಸಿಬಿಟ್ಟಿತು ಎಂದು ನಾನು ಹೇಳುವುದಿಲ್ಲ. ಆದರೆ ಒಂದು ರಾತ್ರಿಯಾದರೂ ತಲೆ ಎತ್ತಿ ನಿಂತ ಮೈಗೆ ಆ ನಿಲುವು ನೆನಪಿರುತ್ತದೆ. ನೋಡಿದ ಕಣ್ಣುಗಳಿಗೂ ನೆನಪಿರುತ್ತದೆ.

ಇಲ್ಲಿ ಬಲ್ಲವರು ಒಂದು ಪ್ರಶ್ನೆ ಎತ್ತಬಹುದು. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಬಿಳಿ ಪಂಚೆ ಉಟ್ಟು, ಶಾಲು ಹೊದ್ದು ಕೂತೇ ಅರ್ಥ ಹೇಳುತ್ತಾರಲ್ಲ, ಅಲ್ಲಿ ಸೃಷ್ಟಿ ಇಲ್ಲವೇ ಎಂದು. ಇದೆ, ಧಾರಾಳವಾಗಿ ಇದೆ. ಆದರೆ ಬೇರೆ ಜಾತಿಯದ್ದು. ತಾಳಮದ್ದಳೆಯ ಕರ್ಣ ಅರ್ಧ ಗಂಟೆ ತನ್ನ ಬದುಕನ್ನು ತರ್ಕದಿಂದ ಬಿಡಿಸಿ ಬಿಡಿಸಿ ಹೇಳಬಲ್ಲ. ವೇಷದ ಕರ್ಣ ರಥದ ಗಾಲಿಗೆ ಹೆಗಲು ಕೊಟ್ಟು ಒಮ್ಮೆ ಹಿಂತಿರುಗಿ ಕೃಷ್ಣನನ್ನು ನೋಡಿದರೆ ಸಾಕು. ಅಲ್ಲಿ ಬುದ್ಧಿ ಮುಂದೆ, ಮೈ ಹಿಂದೆ. ಇಲ್ಲಿ ಮೈ ಮುಂದೆ, ಬುದ್ಧಿ ಅದರ ಬೆನ್ನಿಗೆ. ವೇಷವೂ ಕುಣಿತವೂ ಇಲ್ಲದೆ ಪ್ರತಿಭೆ ಇಲ್ಲ ಎಂದಲ್ಲ. ಕೂತಲ್ಲಿ ಹುಟ್ಟದ ಕೆಲವು ಸಂಗತಿಗಳು ಎದ್ದು ನಿಂತಾಗ ಹುಟ್ಟುತ್ತವೆ, ಅಷ್ಟೇ ನನ್ನ ವಾದ.

ಇದನ್ನು ಶಿವರಾಮ ಕಾರಂತರಷ್ಟು ಗಟ್ಟಿಯಾಗಿ ನಂಬಿದವರು ಕಡಿಮೆ. ಅವರ ‘ಯಕ್ಷಗಾನ ಬಯಲಾಟ’ ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಂಪನಿ ನಾಟಕದ ಥಳಕು ಉಡುಗೆಗಳು ಯಕ್ಷಗಾನಕ್ಕೆ ನುಗ್ಗುತ್ತಿದ್ದ ಕಾಲದಲ್ಲಿ ಅವರು ಹಳೆಯ ವೇಷಗಳ ಬಣ್ಣ, ಆಕಾರಗಳನ್ನು ಉಳಿಸಿಕೊಳ್ಳಬೇಕೆಂದು ಹಟ ಹಿಡಿದರು. ಅದು ಹಳೆಯದರ ಮೇಲಿನ ಬರೀ ಮೋಹವಾಗಿರಲಿಲ್ಲ. ಏಕೆಂದರೆ ಇನ್ನೊಂದು ಕಡೆ ಅದೇ ಕಾರಂತರು ಯಕ್ಷಗಾನದಿಂದ ಮಾತನ್ನೇ ತೆಗೆದು, ಪಿಟೀಲು, ಸ್ಯಾಕ್ಸೋಫೋನುಗಳನ್ನು ತಂದು, ಹಾಡು, ಕುಣಿತ, ವೇಷಗಳಿಂದಲೇ ಕಥೆ ಹೇಳುವ ಪ್ರಯೋಗ ಮಾಡಿದರು. ಅರ್ಥವೇ ಯಕ್ಷಗಾನದ ಜೀವ ಎನ್ನುವವರಿಗೆ ಇದು ಹಿಡಿಸಲಿಲ್ಲ, ಇಂದಿಗೂ ಹಿಡಿಸದವರಿದ್ದಾರೆ. ನನಗೂ ಮಾತಿಲ್ಲದ ಆಟ ಸ್ವಲ್ಪ ಉಪ್ಪಿಲ್ಲದ ಗಂಜಿಯೇ. ಆದರೂ ಆ ಪ್ರಯೋಗ ಒಂದು ಮಾತನ್ನು ಸಾಬೀತು ಮಾಡಿತು. ಕನ್ನಡದ ಒಂದಕ್ಷರ ಬಾರದ ಪರದೇಶದ ಪ್ರೇಕ್ಷಕನಿಗೂ ಆ ಹೆಜ್ಜೆ ಮತ್ತು ಆ ವೇಷ ಮುಟ್ಟಬಲ್ಲವು.

ನಮ್ಮ ಜಿಲ್ಲೆಗೆ ಬಂದರೆ ಎರಡು ಹೆಸರು ಹೇಳದೆ ಮುಂದೆ ಹೋಗಲಾಗದು. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಆ ಮನೆತನ ಅಭಿನಯಕ್ಕೆ ಒಂದು ಹದ, ಒಂದು ಮಿತಿ ತಂದಿತು. ಇನ್ನೊಬ್ಬರು ಚಿಟ್ಟಾಣಿ ರಾಮಚಂದ್ರ ಹೆಗಡೆಯವರು. 2012ರಲ್ಲಿ ಪದ್ಮಶ್ರೀ ಬಂತು, ಯಕ್ಷಗಾನ ಕಲಾವಿದರೊಬ್ಬರಿಗೆ ಬಂದ ಮೊದಲ ಪದ್ಮಶ್ರೀ ಅದು. ಅವರ ಭಸ್ಮಾಸುರನನ್ನು, ಕೀಚಕನನ್ನು ಇಲ್ಲಿ ಕೂತ ಹಿರಿಯರು ನೋಡಿದ್ದೀರಿ. ಕಟ್ಟಿದ ವೇಷದೊಳಗೆ ಇಷ್ಟು ಸಡಿಲವಾದ, ಹಾವಿನಂಥ ಮೈ ಇರಲು ಸಾಧ್ಯವೇ ಎಂದು ನೀವೇ ಬೆರಗಾದವರು. ಕೆರೆಮನೆಯದ್ದೂ ಅದೇ ದಗಲೆ, ಚಿಟ್ಟಾಣಿಯವರದ್ದೂ ಅದೇ ದಗಲೆ. ಕುಣಿತ ಮಾತ್ರ ಎರಡು ಬೇರೆ ಲೋಕ. ಕಟ್ಟು ಒಂದೇ ಆದರೂ ಅದರೊಳಗಿನ ದಾರಿ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಭಸ್ಮಾಸುರನ ಕಥೆಯನ್ನೇ ನೋಡಿ ಮಕ್ಕಳೇ. ಯಾರ ತಲೆಯ ಮೇಲೆ ಕೈಯಿಟ್ಟರೂ ಬೂದಿಯಾಗುವ ವರ ಅವನಿಗೆ. ಮೋಹಿನಿ ಕುಣಿಯುತ್ತಾಳೆ, ತನ್ನ ಹಾಗೆಯೇ ಕುಣಿ ಎನ್ನುತ್ತಾಳೆ. ಅವನು ಕುಣಿಯುತ್ತಾನೆ. ಅವಳು ಕೈ ಎತ್ತಿದರೆ ಎತ್ತುತ್ತಾನೆ, ತಿರುಗಿದರೆ ತಿರುಗುತ್ತಾನೆ. ಕೊನೆಗೆ ಅವಳು ತನ್ನ ತಲೆಯ ಮೇಲೆ ಕೈಯಿಟ್ಟುಕೊಳ್ಳುತ್ತಾಳೆ. ಇವನೂ ಇಟ್ಟುಕೊಂಡ, ಬೂದಿಯಾದ. ನನಗೆ ಇದು ಕಲಾವಿದರಿಗಾಗಿಯೇ ಬರೆದ ಕಥೆಯ ಹಾಗೆ ಕಾಣುತ್ತದೆ. ಹೆಜ್ಜೆ ಕಲಿಯುವುದು ಇನ್ನೊಬ್ಬರನ್ನು ನೋಡಿಯೇ. ಬೇರೆ ದಾರಿಯಿಲ್ಲ. ಆದರೆ ಕೊನೆಯವರೆಗೂ ಬರೀ ನೋಡಿ ಕುಣಿದವನು ತನ್ನನ್ನೇ ಸುಟ್ಟುಕೊಳ್ಳುತ್ತಾನೆ.

ಅದಕ್ಕೇ ಮೇಳದಲ್ಲಿ ಕಲಿಕೆಗೆ ಮೆಟ್ಟಿಲುಗಳಿದ್ದವು. ಹುಡುಗ ಮೇಳ ಸೇರಿದ ಕೂಡಲೇ ಮುಂಡಾಸು ಕೊಡುತ್ತಿರಲಿಲ್ಲ. ಮೊದಲು ಕೋಡಂಗಿ. ಆಮೇಲೆ ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ. ಭಾರವಿಲ್ಲದ ಉಡುಗೆಯಲ್ಲಿ ತಾಳ ಕಾಲಿಗೆ ಇಳಿಯಬೇಕು. ತಾಳ ಮರೆತರೂ ಕಾಲು ಮರೆಯದು ಎನ್ನುವ ಹಂತ ಬಂದ ಮೇಲೆ ಭಾರ. ಮೈಗೆ ತಾಳದ ಚಿಂತೆ ತೀರಿದಾಗ ಮನಸ್ಸಿಗೆ ಹೊಸದು ಹುಡುಕಲು ಬಿಡುವು ಸಿಗುತ್ತದೆ. ಸ್ವಾತಂತ್ರ್ಯ ಎಂದರೆ ಇಲ್ಲಿ ಈ ಬಿಡುವು. ದುಡಿಯದೆ ಅದು ಸಿಗುವುದಿಲ್ಲ.

ಹೊರದೇಶದಲ್ಲೂ ಈ ಹುಡುಕಾಟ ನಡೆದಿದೆ. ಅಮೆರಿಕದಲ್ಲಿ ಹುಟ್ಟಿದ ಇಸಡೋರಾ ಡಂಕನ್ ಎಂಬ ನರ್ತಕಿ (1877–1927) ಬ್ಯಾಲೆಯ ಬಿಗಿ ಒಳಕವಚವನ್ನೂ ತುದಿಗಾಲಿನ ಶೂಗಳನ್ನೂ ಕಿತ್ತೆಸೆದು, ಗ್ರೀಕರ ಹಾಗೆ ಸಡಿಲ ಬಟ್ಟೆ ತೊಟ್ಟು, ಬರಿಗಾಲಲ್ಲಿ ಕುಣಿದಳು. ಯುರೋಪು ಬೆಚ್ಚಿತು, ಆಮೇಲೆ ಚಪ್ಪಾಳೆ ತಟ್ಟಿತು. ಅದೇ ದೇಶದ ಮಾರ್ಥಾ ಗ್ರಹಾಂ 1930ರಲ್ಲಿ ದುಃಖವನ್ನು ಕುರಿತ ಒಂದು ನೃತ್ಯ ಮಾಡಿದಾಗ ಉಲ್ಟಾ ದಾರಿ ಹಿಡಿದಳು. ಹಿಗ್ಗುವ ಬಟ್ಟೆಯ ಚೀಲದೊಳಗೆ ತನ್ನನ್ನು ತುಂಬಿಕೊಂಡು, ಬೆಂಚಿನ ಮೇಲೆ ಕೂತು, ಒಳಗಿನಿಂದ ಆ ಬಟ್ಟೆಯನ್ನು ಮೊಣಕೈಯಿಂದ, ಮಂಡಿಯಿಂದ ಎಳೆದು ಎಳೆದು ಸಂಕಟವನ್ನು ತೋರಿಸಿದಳು. ಒಬ್ಬಳು ಕಟ್ಟು ಬಿಚ್ಚಿ ಗೆದ್ದಳು, ಇನ್ನೊಬ್ಬಳು ಕಟ್ಟಿಕೊಂಡು ಗೆದ್ದಳು. ಕಟ್ಟು ಇದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದಾಯಿತು. ಆ ಕಟ್ಟನ್ನು ಯಾರು ಆರಿಸಿಕೊಂಡರು, ಅದು ಯಾವ ಕೆಲಸಕ್ಕೆ, ಇದು ಮುಖ್ಯ.

ಈ ಮಾತು ಹಿಡಿದುಕೊಂಡು ನಮ್ಮ ಶಾಲೆಗೆ ಬರುತ್ತೇನೆ. ನಾವು ಓದುವಾಗ ಹೆಣ್ಣುಮಕ್ಕಳಿಗೆ ಲಂಗ ದಾವಣಿ. ಅದನ್ನು ಯಾವ ಹುಡುಗಿಯೂ ಆರಿಸಿಕೊಂಡದ್ದಲ್ಲ. ಡ್ರಿಲ್ ಪೀರಿಯಡ್ಡಿನಲ್ಲಿ ಹುಡುಗರು ಮೈದಾನಕ್ಕೆ ಓಡಿದರೆ ಹುಡುಗಿಯರು ಹಲಸಿನ ಮರದ ಕೆಳಗೆ ಕೂತು ಕಸೂತಿ ಹಾಕುತ್ತಿದ್ದರು. ಓಡಲು ಬಾರದೆಂದು ಅಲ್ಲ. ಮಳೆಗಾಲದಲ್ಲಿ ಶಾಲೆಗೆ ತಡವಾದಾಗ ಲಂಗ ಎತ್ತಿ ಕಟ್ಟಿ, ಪಾಟಿಚೀಲ ಎದೆಗೆ ಒತ್ತಿಕೊಂಡು, ಗದ್ದೆಯಂಚಿನಲ್ಲಿ ನಮ್ಮನ್ನೆಲ್ಲ ಹಿಂದೆ ಹಾಕಿ ಓಡುತ್ತಿದ್ದ ಸಹಪಾಠಿಗಳು ನನಗೆ ನೆನಪಿದ್ದಾರೆ. ಶಾಲೆಯ ಗೇಟಿನ ಹತ್ತಿರ ಬಂದ ಕೂಡಲೇ ಲಂಗ ಇಳಿಯುತ್ತಿತ್ತು, ನಡಿಗೆ ಸಣ್ಣದಾಗುತ್ತಿತ್ತು. ಮುಂದೆ ಚೂಡಿದಾರ ಬಂತು. ಮೈದಾನದಲ್ಲಿ ಹುಡುಗಿಯರ ಖೋಖೋ ತಂಡ ಬಂತು. ಬಟ್ಟೆಯೊಂದರಿಂದಲೇ ಬಂತು ಎನ್ನಲಾರೆ, ಅಕ್ಕೋರುಗಳ ಧೈರ್ಯವೂ ಬೇಕಾಯಿತು. ಆದರೆ ಬಟ್ಟೆ ದಾರಿ ಬಿಟ್ಟಿತು.

ಯಕ್ಷಗಾನದಲ್ಲಿ ತಲೆಮಾರುಗಳ ಕಾಲ ಹೆಣ್ಣುವೇಷವನ್ನೂ ಗಂಡಸರೇ ಮಾಡಿದರು, ಬಹಳ ಚೆನ್ನಾಗಿ ಮಾಡಿದರು. ಸೀರೆ ಉಟ್ಟ ಗಂಡಸಿಗೆ ನಾಚಿಕೆ, ಬಿನ್ನಾಣ, ಅಳು ಎಲ್ಲಕ್ಕೂ ರಂಗಸ್ಥಳದಲ್ಲಿ ಪರವಾನಗಿ ಸಿಕ್ಕಿತು. ಮನೆಯಲ್ಲಿ ಅವನಿಗೆ ಅಳಲು ಯಾರು ಬಿಡುತ್ತಿದ್ದರು? ಈಗ ಎದುರಿನ ದಾರಿಯೂ ತೆರೆದಿದೆ. ಹೆಣ್ಣುಮಕ್ಕಳು ಕಸೆ ಕಟ್ಟಿ, ಮುಂಡಾಸು ಇಟ್ಟು, ಅರ್ಜುನ, ಸುಧನ್ವ ಆಗಿ ಬರುತ್ತಿದ್ದಾರೆ. ಚಿಕ್ಕಂದಿನಿಂದ ಕಾಲು ಕೂಡಿಸಿ ಕೂತ್ಕೋ, ದನಿ ತಗ್ಗಿಸು, ಮೆಲ್ಲಗೆ ನಡಿ ಎಂದು ಕೇಳುತ್ತಾ ಬೆಳೆದ ಹುಡುಗಿಗೆ ಈ ವೇಷ ಹೇಳುವುದು ನೇರ ವಿರುದ್ಧ: ಕಾಲು ಅಗಲಿಸು, ಎದೆ ಎತ್ತು, ದನಿ ಕೊನೆಯ ಸಾಲಿಗೆ ಮುಟ್ಟಿಸು. ಇವತ್ತು ರಾತ್ರಿಯ ಆಟದಲ್ಲಿ ಅರ್ಧಕ್ಕಿಂತ ಹೆಚ್ಚು ವೇಷ ಹುಡುಗಿಯರದ್ದು ಎಂದು ಕೇಳಿದೆ. ಅವರ ತಾಯಂದಿರು ಇಲ್ಲಿ ಕೂತಿದ್ದೀರಿ. ನಿಮ್ಮ ಮಗಳು ಮಂಡಿಯೂರಿ ಸುತ್ತು ಹೊಡೆಯುವಾಗ ಪಕ್ಕದವರು ಏನಂದಾರು ಎಂದು ನೋಡಬೇಡಿ. ಅವಳನ್ನೇ ನೋಡಿ.

ನಾನು ಬೇರೊಂದು ತಾಲೂಕಿನಲ್ಲಿ ಕನ್ನಡ ಮಾಸ್ತರಿಕೆ ಮಾಡುವವನು. ಅಲ್ಲಿ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಿದ್ದ, ನೆಲ ನೋಡುತ್ತಿದ್ದ, ಕೂರುತ್ತಿದ್ದ. ಇಡೀ ವರ್ಷದಲ್ಲಿ ಅವನ ದನಿ ಕೇಳಿದ ನೆನಪು ನನಗಿರಲಿಲ್ಲ. ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಆಟ ಮಾಡಿಸಿದಾಗ ಅವನಿಗೊಂದು ಸಣ್ಣ ಮುಂಡಾಸಿನ ವೇಷ ಬಂತು. ಹೆಜ್ಜೆ ಚೆನ್ನಾಗಿ ಕಲಿತ. ಮಾತಿನ ಜಾಗ ಬಂದಾಗ ನಮಗೆಲ್ಲ ಆತಂಕ. ಅಭ್ಯಾಸಬಲದಿಂದ ತಲೆ ತಗ್ಗಿಸಲು ಹೋದ. ಮುಂಡಾಸು ಮುಂದಕ್ಕೆ ವಾಲಿತು. ಬೀಳುತ್ತದೆಂಬ ಹೆದರಿಕೆಗೆ ತಲೆ ಎತ್ತಿದ. ಎತ್ತಿದ್ದೇ ಎದುರಿಗೆ ಇನ್ನೂರು ಕಣ್ಣು. ಇಳಿಸುವ ಹಾಗಿಲ್ಲ. ನಾಲ್ಕು ವಾಕ್ಯ ಆಡಿದ. ನಾವು ಬರೆದುಕೊಟ್ಟದ್ದು ಮೂರು. ನಾಲ್ಕನೆಯದು ಅವನದ್ದೇ.

ಸೋಮವಾರ ತರಗತಿಯಲ್ಲಿ ಪ್ರಶ್ನೆ ಕೇಳಿದೆ. ಮತ್ತೆ ನೆಲವನ್ನೇ ನೋಡಿದ. ಆದರೆ ನೆಲ ನೋಡುತ್ತಲೇ ಉತ್ತರ ಹೇಳಿದ. ನನಗೆ ಅಷ್ಟು ಸಾಕಾಯಿತು.

ಕುಣಿತ, ವೇಷ ಎಂದು ಹೋದರೆ ಓದು ಹಾಳಾಗುತ್ತದೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಏನಾದೀತು ಎಂದು ಕೇಳುವ ಪಾಲಕರಿದ್ದೀರಿ. ಕೇಳುವುದು ತಪ್ಪಲ್ಲ. ನಮ್ಮ ಕಡೆಯ ಬಡ ಮಕ್ಕಳಿಗೆ ಆ ಒಂದು ಅಂಕಪಟ್ಟಿಯೇ ದೋಣಿ. ಅದಕ್ಕೆ ನನ್ನ ಉತ್ತರವಾಗಿ ಒಬ್ಬ ಡ್ರಿಲ್ ಮಾಸ್ತರರ ಕಥೆ ಹೇಳಿ ಮುಗಿಸುತ್ತೇನೆ.

ಅವರು ನಂದಳಿಕೆಯ ಲಕ್ಷ್ಮೀನಾರಣಪ್ಪ. 1870ರಲ್ಲಿ ಹುಟ್ಟಿ 1901ರಲ್ಲಿ, ಮೂವತ್ತೊಂದರ ಪ್ರಾಯದಲ್ಲೇ ಕ್ಷಯದಿಂದ ತೀರಿಕೊಂಡರು. ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುವುದು ಅವರ ಉದ್ಯೋಗ. ಯಕ್ಷಗಾನದ ಗಾಳಿಯಲ್ಲೇ ಬೆಳೆದು ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಪ್ರಸಂಗಗಳನ್ನು ಬರೆದರು. ಆಮೇಲೆ ‘ರಾಮಾಶ್ವಮೇಧ’ ಎಂಬ ಗದ್ಯಕಾವ್ಯ ಬರೆದರು. ಆದರೆ ತನ್ನ ಹೆಸರು ಹಾಕಲಿಲ್ಲ. ಮುದ್ದಣನೆಂಬ ಹಿಂದಿನ ಕಾಲದ ಕವಿಯ ಕೃತಿ ಎಂದು ಹೇಳಿ ಮೈಸೂರಿಗೆ ಅಚ್ಚಿಗೆ ಕಳಿಸಿದರು. ಪಂಡಿತರು ಹಳೆಯ ಕಾವ್ಯವೆಂದೇ ಓದಿದರು. ಅದರೊಳಗಿನ ಮುದ್ದಣ, ಮನೋರಮೆಯರ ಮಾತುಕತೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದರ ಹಾಗೆ ನಗುವ, ಮುನಿಯುವ, ಮಿಂಚುವ ಗದ್ಯ ಕನ್ನಡದಲ್ಲಿ ಎಷ್ಟಿದೆ?

ಒಬ್ಬ ಬಡ ಡ್ರಿಲ್ ಮಾಸ್ತರರ ಕಾವ್ಯವನ್ನು ಯಾರು ಓದಿಯಾರು ಎಂಬ ಸಂಕೋಚ ಅವರಿಗೆ ಇದ್ದಿರಬೇಕು. ಅದಕ್ಕೆ ಹಳೆಯ ಹೆಸರೊಂದನ್ನು ಕಿರೀಟದ ಹಾಗೆ ಇಟ್ಟುಕೊಂಡರು, ಹಳಗನ್ನಡದ ದಗಲೆ ತೊಟ್ಟರು. ವೇಷ ಕಟ್ಟಿದ ಮೇಲೆ ಕೈ ಬಿಡುಬೀಸಾಗಿ ಓಡಿತು. ಹಗಲೆಲ್ಲ ಮಕ್ಕಳಿಗೆ ಕೈಕಾಲು ಆಡಿಸಲು ಕಲಿಸಿದವನಿಗೇ ಕನ್ನಡದ ಮಾತು ಹೀಗೆ ಕುಣಿದು ಬಂತು. ಮೈಯ ವಿದ್ಯೆಗೂ ಅಕ್ಷರ ವಿದ್ಯೆಗೂ ಜಗಳವಿಲ್ಲ ಎಂದು ಹೇಳಲು ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮುಂದೆ ಯಾರಾದರೂ ಡ್ರಿಲ್ ಮಾಸ್ತರರ ಪೀರಿಯಡ್ಡನ್ನು ಗಣಿತಕ್ಕೆ ಕೇಳಲು ಬಂದರೆ ಮುದ್ದಣನ ಹೆಸರು ಹೇಳಿ.

ಕೊನೆಗೆ ಸಮಿತಿಯವರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಮೂರು ವಿನಂತಿ. ಸುವರ್ಣ ಮಹೋತ್ಸವದ ನೆನಪಿಗೆ ಸ್ವಾಗತ ಕಮಾನು ಕಟ್ಟಬೇಕೋ, ಸಭಾಂಗಣಕ್ಕೆ ಬಣ್ಣ ಹೊಡೆಸಬೇಕೋ ಎಂಬ ಚರ್ಚೆ ನಡೆದಿದೆಯೆಂದು ಕೇಳಿದ್ದೇನೆ. ಎರಡೂ ಆಗಲಿ. ಅವುಗಳ ಜೊತೆಗೆ ಒಂದು ವೇಷದ ಪೆಟ್ಟಿಗೆ ಮಾಡಿಸಿ. ಮಕ್ಕಳ ಅಳತೆಯ ಹತ್ತು ಹನ್ನೆರಡು ವೇಷ, ಗೆಜ್ಜೆ, ಕಸೆ ಸೀರೆ, ಆಭರಣ. ಪ್ರತಿ ವರ್ಷ ಬಾಡಿಗೆಗೆ ತರುವಾಗ ಹಣ ಕೊಡಲಾಗದ ಮಗು ತನಗೆ ಆಸಕ್ತಿಯಿಲ್ಲ ಎಂದು ಸುಳ್ಳು ಹೇಳಿ ಹಿಂದೆ ಸರಿಯುತ್ತದೆ. ಪೆಟ್ಟಿಗೆ ಶಾಲೆಯದ್ದಾದರೆ ಆ ಸುಳ್ಳು ಬೇಕಾಗುವುದಿಲ್ಲ. ಎರಡನೆಯದು, ವಾರಕ್ಕೆ ಒಂದು ಸಂಜೆ ಹೆಜ್ಜೆ ಕಲಿಸುವ ಗುರುಗಳು. ಪಕ್ಕದ ಉಡುಪಿಯಲ್ಲಿ ಹಲವು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಯಕ್ಷಶಿಕ್ಷಣ ಕೊಟ್ಟು, ಕಿಶೋರ ಯಕ್ಷಗಾನವೆಂದು ಆಟ ಮಾಡಿಸುತ್ತಿದ್ದಾರೆ. ಅಲ್ಲಿ ಆದದ್ದು ಇಲ್ಲಿ ಆಗದೆ? ಮೂರನೆಯದಕ್ಕೆ ಹಣ ಬೇಡ. ಆಟದಲ್ಲಿ ಯಾವ ಮಗುವಿಗೆ ಯಾವ ವೇಷ ಎಂದು ಹಂಚುವಾಗ ಚೆನ್ನಾಗಿ ಮಾತಾಡುವವರಿಗೇ ಎಲ್ಲ ಕೊಡಬೇಡಿ. ಕೊನೆಯ ಬೆಂಚಿನಲ್ಲಿ ನೆಲ ನೋಡುವ ಮಗುವಿಗೆ ಒಂದು ಮುಂಡಾಸು ಕಟ್ಟಿ.

ಎಂಟು ಗಂಟೆಯಾಗುತ್ತಾ ಬಂತು. ಚಂಡೆಯವರು ಹದ ಮಾಡುತ್ತಿರುವ ಸದ್ದು ಕೇಳುತ್ತಿದೆ. ನನಗೆ ನಾಲ್ಕು ಜನರೆದುರು ನಿಂತು ಮಾತಾಡುವ ಮೈಯನ್ನೂ ಮಾತನ್ನೂ ಕೊಟ್ಟ ಈ ಶಾಲೆಗೆ, ಇಲ್ಲಿ ದುಡಿದು ನಿವೃತ್ತರಾದ, ನಮ್ಮನ್ನು ಅಗಲಿದ ಎಲ್ಲ ಗುರುಗಳಿಗೆ ತಲೆಬಾಗುತ್ತೇನೆ.  ಆಟಕ್ಕೆ ಜಾಗ ಬಿಡುತ್ತೇನೆ.